ಕೊಡದೆ ಬಿಟ್ಟ ತಿಂಗಳುಗಳು ಎಲ್ಲಿಗೂ ಹೋಗಲ್ಲ

ಬೇರೆಯಾಗಿರೋ ಅಪ್ಪ ಅಮ್ಮಂದಿರ ಸಭೆಯಲ್ಲಿ, ಮಗುವಿನ ಖರ್ಚಿಗೆ ತಿಂಗಳು ತಿಂಗಳು ಕೊಡಬೇಕಾದ ಜೀವನಾಂಶದ ಬಗ್ಗೆ ನಾನು ಆಡಿದ ಮಾತು ಇದು. ಮೊದಲು ಒಂದು ನೋಟ್‌ಬುಕ್ ವಿಷಯ ಹೇಳ್ತೀನಿ, ಕಾನೂನು ಆಮೇಲೆ. ನೂರು ಪುಟದ ನೋಟ್‌ಬುಕ್ಕು, ಸ್ಕೂಲ್ ಮಕ್ಕಳದ್ದು, ಬ್ರೌನ್ ಪೇಪರ್ ಬೈಂಡ್ ಹಾಕಿ ಲೇಬಲ್ ಅಂಟಿಸಿದ್ರು. ಲೇಬಲ್ಲಲ್ಲಿ ಸಬ್ಜೆಕ್ಟ್ ಅಂತ ಇರುತ್ತಲ್ಲ, ಆ ಜಾಗದಲ್ಲಿ 'ಅಪ್ಪನ ದುಡ್ಡು' ಅಂತ ಬರೆದಿತ್ತು. ಆ ತಾಯಿ ಗಾರ್ಮೆಂಟ್ಸ್‌ಗೆ ಹೋಗೋರು, ಕೋರ್ಟಿಗೆ ಬರಬೇಕಂದ್ರೆ ಅರ್ಧ ದಿನದ ಸಂಬಳ ಕಟ್. ಒಳಗೆ ಸ್ಕೇಲಿಟ್ಟು ಮೂರು ಕಾಲಂ ಎಳೆದಿದ್ರು. ತಿಂಗಳು, ಕೊಡಬೇಕಾದ್ದು, ಬಂದದ್ದು. ಮೊದಲ ನಾಲ್ಕು ತಿಂಗಳು ಆರು ಸಾವಿರ, ಆರು ಸಾವಿರ ಅಂತ ಇದೆ, ಆಮೇಲೆ ಮೂರು ಸಾವಿರ, ಆಮೇಲೆ ಒಂದು ತಿಂಗಳು 'ಸಾವಿರದೈನೂರು, ಫೋನ್‌ಪೇ', ಅಲ್ಲಿಂದ ಮುಂದೆ ಬರೀ ಅಡ್ಡಗೆರೆ. ಪುಟ ತಿರುವ್ತಾ ಹೋದ್ರೆ ಒಂದು ಕಡೆ ಕೈಬರಹ ಬದಲಾಗುತ್ತೆ. ಗುಂಡಗುಂಡಗೆ, ಒತ್ತಿ ಒತ್ತಿ ಬರೆದ ಅಕ್ಷರ. ಅಮ್ಮಂಗೆ ಓವರ್‌ಟೈಮ್ ಇತ್ತು ಅಂತ ಐದನೇ ಕ್ಲಾಸಿನ ಮಗಳು ಬರೆಯೋಕೆ ಶುರು ಮಾಡಿದ್ಲು. ಅಡ್ಡಗೆರೆಗಳನ್ನೂ ಅವಳು ಸ್ಕೇಲಲ್ಲೇ ಎಳೆದಿದ್ಲು.

ಆ ತಂದೆ ಎರಡಡಿ ದೂರದಲ್ಲಿ ನಿಂತಿದ್ರು. ಅಲ್ಲೀವರೆಗೂ 'ನಾನು ಕ್ಯಾಶ್ ಕೊಡ್ತಿದ್ದೆ ಸಾರ್, ಇವಳು ಸುಳ್ಳು ಹೇಳ್ತಾಳೆ' ಅಂತಿದ್ದವರು ಆ ಅಕ್ಷರ ನೋಡಿದ್ಮೇಲೆ ಮಾತಾಡ್ಲಿಲ್ಲ. ಮಗಳ ಅಕ್ಷರ ಅವರಿಗೆ ಗೊತ್ತಿತ್ತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಇಲ್ಲಿ ಕೂತಿರೋ ತುಂಬಾ ಜನ ಈ ಜೀವನಾಂಶದ ವಿಷಯನ ಗಂಡ ಹೆಂಡ್ತಿ ಜಗಳದ ಲೆಕ್ಕ ಅಂದ್ಕೊಂಡಿದೀರಿ, ಅವಳಿಗೆ ಯಾಕೆ ಕೊಡ್ಬೇಕು, ಅವಳು ನನ್ನ ಬಿಟ್ಟು ಹೋದ್ಲು, ಅವಳ ತಮ್ಮ ನನ್ನ ಹೊಡೆಯೋಕೆ ಬಂದ, ಇಂಥವೆಲ್ಲ ಮನಸ್ಸಲ್ಲಿ ಇಟ್ಕೊಂಡು ಆ ದುಡ್ಡನ್ನ ತಡೆದು ಹಿಡೀತೀರಿ. ಹೆಂಡ್ತಿಯ ಜೀವನಾಂಶದ ಬಗ್ಗೆ ಬೇಕಾದಷ್ಟು ವಾದ ಇದೆ, ಇವತ್ತು ಅದಕ್ಕೆ ಕೈ ಹಾಕಲ್ಲ. ಇವತ್ತಿನ ಮಾತು ಮಗುವಿನ ದುಡ್ಡಿನದು ಮಾತ್ರ. ಅದನ್ನ ತಪ್ಪಿಸಿದ್ರೆ ಏನಾಗುತ್ತೆ, ನಿಜವಾಗ್ಲೂ ಕೊಡೋಕೆ ಆಗದೇ ಇದ್ರೆ ಏನ್ ಮಾಡ್ಬೇಕು, ಅಷ್ಟೆ. ಕೊಡೋಕಾಗದವರು ಬೇರೆ, ಕೊಡದವರು ಬೇರೆ. ಆದ್ರೆ ಕೊಡೋಕಾಗದವರು ಕೋರ್ಟಿಗೆ ಬಂದು ಹೇಳದೆ ತಲೆಮರೆಸ್ಕೊಂಡ್ರೆ ಕೋರ್ಟ್ ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕೋರ್ಟಲ್ಲಿ ಇಂಥ ಕೇಸುಗಳ ಕೆಲಸ ಮಾಡಿ ನನಗೆ ಅತಿ ಹೆಚ್ಚು ಸಂಕಟ ಆಗೋದು ಇದೇ ವಿಷಯಕ್ಕೆ. ಒಳ್ಳೇ ಮನುಷ್ಯ, ಕೆಲಸ ಹೋಗಿರುತ್ತೆ, ನಾಚಿಕೆಗೆ ಕೋರ್ಟಿಗೆ ಬರಲ್ಲ, ಎರಡು ವರ್ಷ ಆದ್ಮೇಲೆ ಪೊಲೀಸ್ ಹಿಡ್ಕೊಂಡು ಬರ್ತಾರೆ.

ಈಗ ಕಾನೂನು. ನಾವೆಲ್ಲ 'ಒನ್ ಟ್ವೆಂಟಿಫೈವ್ ಕೇಸ್' ಅಂತೀವಲ್ಲ, ಅದು ಹಳೇ ಸಿಆರ್‌ಪಿಸಿಯ ಸೆಕ್ಷನ್ 125, ಸಿಆರ್‌ಪಿಸಿ ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆ. 2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು, ಅದರಲ್ಲಿ ಇದೇ ವಿಷಯ ಸೆಕ್ಷನ್ 144. ನಂಬರ್ ಬದಲಾಯ್ತು, ಒಳಗಿನ ತಿರುಳು ಅದೇ. ಕೈಯಲ್ಲಿ ಸಾಕಷ್ಟು ಇದ್ದೂ ತನ್ನ ಮಗುವನ್ನ ನೋಡ್ಕೊಳ್ದೆ ಬಿಟ್ರೆ, ತಿಂಗಳಿಗೆ ಇಷ್ಟು ಕೊಡು ಅಂತ ಕೋರ್ಟ್ ಆರ್ಡರ್ ಮಾಡಬಹುದು. ಮದುವೆಯಲ್ಲಿ ಹುಟ್ಟಿದ ಮಗುವೋ, ಮದುವೆ ಇಲ್ಲದೆ ಹುಟ್ಟಿದ್ದೋ, ಕಾನೂನಿಗೆ ವ್ಯತ್ಯಾಸ ಇಲ್ಲ. ಧರ್ಮವೂ ಲೆಕ್ಕಕ್ಕಿಲ್ಲ, ಮುಸ್ಲಿಂ ತಂದೆಯ ಜವಾಬ್ದಾರಿ ಬಗ್ಗೆ ಸುಪ್ರೀಂ ಕೋರ್ಟ್ 1997ರಲ್ಲೇ ನೂರ್ ಸಬಾ ಖಾತೂನ್ ಕೇಸಲ್ಲಿ ಹೇಳಿಬಿಟ್ಟಿದೆ. ಹಿಂದೂಗಳಿಗೆ ಇದರ ಜೊತೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ, ಅದರ 20ನೇ ಸೆಕ್ಷನ್ ಪ್ರಕಾರ ತನ್ನನ್ನ ತಾನು ನೋಡ್ಕೊಳ್ಳೋಕೆ ಆಗದ ಮಗಳಿಗೆ ಮದುವೆ ಆಗೋವರೆಗೂ ಹಕ್ಕಿದೆ, ಹದಿನೆಂಟಕ್ಕೆ ಮುಗೀತು ಅಂತ ಕೈ ತೊಳ್ಕೊಳ್ಳೋಕಾಗಲ್ಲ. ಆ ಕಾಯ್ದೆಯಲ್ಲಿ ಜೀವನಾಂಶ ಅಂದ್ರೆ ಬರೀ ಅನ್ನ ಅಲ್ಲ. ಊಟ, ಬಟ್ಟೆ, ವಾಸ, ಓದು, ಔಷಧಿ ಎಲ್ಲ ಸೇರಿದೆ.

ಒಂದು ಹಳೇ ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಈಗಲೂ ಕೆಲವರು ಹಳ್ಳಿ ಕಡೆ 'ಕೋರ್ಟ್ ಐನೂರು ರೂಪಾಯಿಗಿಂತ ಜಾಸ್ತಿ ಹಾಕಲ್ಲ ಬಿಡು' ಅಂತ ಧೈರ್ಯ ಹೇಳ್ಕೊಳ್ತಾರೆ. ಒಂದು ಕಾಲದಲ್ಲಿ ನಿಜ, ತಿಂಗಳಿಗೆ ಐನೂರು ಅನ್ನೋ ಮಿತಿ ಇತ್ತು. 2001ರ ತಿದ್ದುಪಡಿಯಲ್ಲಿ ಅದನ್ನ ತೆಗೆದು ಹಾಕಿದ್ರು. ಅದೇ ತಿದ್ದುಪಡಿಯಲ್ಲಿ ಮಧ್ಯಂತರ ಜೀವನಾಂಶವೂ ಬಂತು, ಅಂದ್ರೆ ಕೇಸ್ ಮುಗಿಯೋವರೆಗೆ ಕೊಡೋ ದುಡ್ಡು, ನೋಟಿಸ್ ತಲುಪಿ 60 ದಿನದೊಳಗೆ ಅದನ್ನ ಆದಷ್ಟು ಮಟ್ಟಿಗೆ ತೀರ್ಮಾನ ಮಾಡ್ಬೇಕು ಅಂತ. ನಿಜದಲ್ಲಿ 60 ದಿನಕ್ಕೆ ಆಗಲ್ಲ, ನಿಮಗೂ ಗೊತ್ತು ನಂಗೂ ಗೊತ್ತು.

ತಡ ಆದಷ್ಟೂ ಒಳ್ಳೇದು ಅಂತ ತಪ್ಪಿಸ್ಕೊಳ್ಳೋರು ಅಂದ್ಕೊಳ್ತಾರೆ. ಇಲ್ಲೇ ಮೊದಲ ಏಟು. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೇಶ್ ವರ್ಸಸ್ ನೇಹಾ ಅನ್ನೋ ಕೇಸಲ್ಲಿ ಇಡೀ ದೇಶಕ್ಕೆ ಅನ್ವಯ ಆಗೋ ಹಾಗೆ ಹೇಳ್ತು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಆರ್ಡರ್ ಆದ ದಿನದಿಂದ ಅಲ್ಲ. ಇದರ ಅರ್ಥ ಏನು ಅಂತ ಲೆಕ್ಕ ಹಾಕೋಣ. ತಿಂಗಳಿಗೆ ಎಂಟು ಸಾವಿರ ಅಂತ ಇಟ್ಕೊಳ್ಳಿ. ವಾಯಿದೆ ಮೇಲೆ ವಾಯಿದೆ ತಗೊಂಡು, ವಕೀಲರನ್ನ ಬದಲಾಯ್ಸಿ, ಹುಷಾರಿಲ್ಲ ಅಂತ ಹೇಳಿ ಮೂರು ವರ್ಷ ಎಳೆದ್ರಿ. ಆರ್ಡರ್ ಆದ ದಿನ ನಿಮ್ಮ ತಲೆ ಮೇಲೆ ಎಂಟು ಸಾವಿರ ಅಲ್ಲ, 2,88,000 ರೂಪಾಯಿ. ಮಧ್ಯಂತರ ಆರ್ಡರಲ್ಲಿ ಏನಾದ್ರೂ ಕಟ್ಟಿದ್ರೆ ಅದು ಕಳೆಯುತ್ತೆ, ಕಟ್ಟಿಲ್ಲ ಅಂದ್ರೆ ಪೂರ್ತಿ. ಆಮೇಲೂ ಒಂದು ವರ್ಷ ಕೊಡ್ಲಿಲ್ಲ ಅಂದ್ರೆ 3,84,000. ತಿಂಗಳಿಗೆ ಎಂಟು ಸಾವಿರ ಕೊಡೋಕೆ ಕಷ್ಟ ಅಂದೋರಿಗೆ ಒಂದೇ ಸಲಕ್ಕೆ ಇಷ್ಟು ಎಲ್ಲಿಂದ ಬರಬೇಕು ಹೇಳಿ. ಇದನ್ನ ನಾವು ಕೋರ್ಟಲ್ಲಿ ಅರಿಯರ್ಸ್ ಅಂತೀವಿ. ಅದು ಬೆಳೀತಾನೇ ಇರುತ್ತೆ, ನಿಮಗೆ ಕೆಲಸ ಇದ್ದಾಗಲೂ ಇಲ್ಲದಾಗಲೂ.

ನೋಟಿಸ್ ತಗೊಳ್ದೆ ಇದ್ರೆ? ಪೋಸ್ಟ್‌ಮ್ಯಾನ್ ಬಂದಾಗ ಒಳಗಿದ್ದು ಇಲ್ಲ ಅನ್ಸಿದ್ರೆ? ಬೇಕಂತಲೇ ತಪ್ಪಿಸ್ಕೊಳ್ತಿದಾನೆ ಅಂತ ಕೋರ್ಟಿಗೆ ಅನ್ಸಿದ್ರೆ ನೀವಿಲ್ಲದೆಯೇ ಕೇಸ್ ನಡೀತದೆ, ಎಕ್ಸ್‌ಪಾರ್ಟೆ ಅಂತೀವಿ. ಆಗ ಎದುರುಗಡೆಯವರು ನಿಮ್ಮ ಸಂಬಳ ಐವತ್ತು ಸಾವಿರ ಅಂದ್ರೆ ಇಲ್ಲ ಇಪ್ಪತ್ತೆರಡು ಅನ್ನೋಕೆ ಅಲ್ಲಿ ಯಾರೂ ಇರಲ್ಲ. ಅಂಥ ಆರ್ಡರ್ ತೆಗೆಸ್ಬೇಕು ಅಂದ್ರೆ ಮೂರು ತಿಂಗಳೊಳಗೆ ಸರಿಯಾದ ಕಾರಣ ತೋರ್ಸಿ ಅರ್ಜಿ ಹಾಕ್ಬೇಕು. ನನ್ನ ಹತ್ರ ಬರೋರು ಎರಡು ವರ್ಷ ಆದ್ಮೇಲೆ ಬರ್ತಾರೆ.

ಇನ್ನು ಕೆಲಸ ಬಿಡೋರು. ಇದು ತುಂಬಾ ಜನ ಮಾಡೋ ತಪ್ಪು. ಕೇಸ್ ಬಿದ್ದ ತಿಂಗಳೇ ರಾಜೀನಾಮೆ, ಆಮೇಲೆ 'ನಾನು ನಿರುದ್ಯೋಗಿ, ಅಪ್ಪನ ಮನೇಲಿ ಊಟ ಮಾಡ್ತಿದೀನಿ' ಅಂತ ಅಫಿಡವಿಟ್. ಕೋರ್ಟ್ ನೋಡೋದು ಕೈಗೆ ಬರ್ತಿರೋ ಸಂಬಳ ಮಾತ್ರ ಅಲ್ಲ, ದುಡಿಯೋ ಶಕ್ತಿಯನ್ನ. 2022ರಲ್ಲಿ ಅಂಜು ಗರ್ಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಮೈಯಲ್ಲಿ ಶಕ್ತಿ ಇರೋನು ಕೂಲಿ ಮಾಡಿಯಾದ್ರೂ ಹೆಂಡ್ತಿ ಮಕ್ಕಳನ್ನ ಸಾಕ್ಬೇಕು ಅಂತ. ಕಾರಿನ ಇಎಂಐ ಇದೆ, ಸೈಟ್ ಲೋನ್ ಇದೆ ಅನ್ನೋದೂ ಅಷ್ಟೆ, ನಿಮ್ಮ ಇಷ್ಟಕ್ಕೆ ಮಾಡ್ಕೊಂಡ ಸಾಲನ ಮಗುವಿನ ಊಟಕ್ಕಿಂತ ಮುಂದೆ ಇಡೋಕೆ ಸಾಮಾನ್ಯವಾಗಿ ಕೋರ್ಟ್ ಒಪ್ಪಲ್ಲ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಜೀವನಾಂಶದ ಬಾಕಿ ಬ್ಯಾಂಕಿನಂಥ ಸಾಲ ಕೊಟ್ಟೋರ ಬಾಕಿಗಿಂತ ಮೊದಲು ತೀರಬೇಕು ಅಂತು. ಅಂದ್ರೆ ಬ್ಯಾಂಕಿನೋರೂ ಮಗುವಿನ ಹಿಂದೆ ಕ್ಯೂ ನಿಲ್ಬೇಕು.

ಅಫಿಡವಿಟ್ ಅಂದೆ. ಅದೇ ರಜನೇಶ್ ತೀರ್ಪಿನ ಮೇಲೆ ಈಗ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲ ಬಿಡಿಸಿ ಪ್ರಮಾಣ ಮಾಡಿ ಬರೆದುಕೊಡಬೇಕು, ಬ್ಯಾಂಕ್ ಅಕೌಂಟು, ಪಿಎಫ್, ಎಲ್‌ಐಸಿ, ಸೈಟು, ಗಾಡಿ, ಷೇರು ಎಲ್ಲ. ಫಾರ್ಮ್ ಉದ್ದ ಇದೆ, ಬೇಜಾರಾಗುತ್ತೆ, ಆದ್ರೆ ದಯವಿಟ್ಟು ಅದರಲ್ಲಿ ಸುಳ್ಳು ಬರೀಬೇಡಿ. ಹಿಂದೆಲ್ಲ ಸಂಬಳದ ಚೀಟಿ ಮುಚ್ಚಿಟ್ರೆ ಮುಗೀತಿತ್ತು. ಈಗ ನೀವು ಒಂದು ಟೀ ಕುಡಿದ್ರೂ ಯುಪಿಐ, ಟೋಲ್ ದಾಟಿದ್ರೆ ಫಾಸ್ಟ್‌ಟ್ಯಾಗ್, ಸ್ಟೇಟ್‌ಮೆಂಟ್ ತರಿಸಿ ಅಂತ ಎದುರು ವಕೀಲರು ಒಂದು ಅರ್ಜಿ ಹಾಕಿದ್ರೆ ಎಲ್ಲ ಕಣ್ಣಮುಂದೆ ಬರುತ್ತೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಅಂತ ಆದ್ರೆ ಅದು ಬೇರೆಯೇ ಕ್ರಿಮಿನಲ್ ಕೇಸು, ಕೋರ್ಟ್ ಮುಂದೆ ಸುಳ್ಳು ಸಾಕ್ಷ್ಯಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಜೀವನಾಂಶ ಕಟ್ಟಿ ಮುಗಿಸಬಹುದಾಗಿದ್ದ ವಿಷಯನ ಸುಳ್ಳು ಹೇಳಿ ಅಲ್ಲಿವರೆಗೆ ತಗೊಂಡು ಹೋಗ್ಬೇಡಿ.

ಆಸ್ತಿನ ಅಣ್ಣನ ಹೆಸರಿಗೆ, ತಾಯಿ ಹೆಸರಿಗೆ ದಾನಪತ್ರ ಮಾಡೋರಿದ್ದಾರೆ. ನಮ್ಮ ಕಡೆ ತೋಟ ಇರೋ ಮನೆಗಳಲ್ಲಿ ಇದು ಸಾಮಾನ್ಯ, ಮನೆ ದೊಡ್ಡೋರೇ ಕೂತು ಸಲಹೆ ಕೊಡ್ತಾರೆ, 'ಮೊದಲು ಪಹಣಿಯಿಂದ ನಿನ್ನ ಹೆಸರು ತೆಗ್ಸಪ್ಪ' ಅಂತ. ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಸೆಕ್ಷನ್ ಅಂತ ಒಂದಿದೆ, 1882ರ ಕಾಯ್ದೆ ಅದು, ಅಂದ್ರೆ ನಮ್ಮ ಮುತ್ತಾತಂದಿರ ಕಾಲದಲ್ಲೇ ಈ ಉಪಾಯ ಜನಕ್ಕೆ ಗೊತ್ತಿತ್ತು ಅಂತಾಯ್ತು. ಆಸ್ತಿಯ ಹುಟ್ಟುವಳಿಯಿಂದ ಜೀವನಾಂಶ ಪಡೆಯೋ ಹಕ್ಕು ಒಬ್ಬರಿಗಿದ್ದು, ಆ ಆಸ್ತಿನ ಪುಕ್ಕಟೆಯಾಗಿ ಇನ್ನೊಬ್ಬರಿಗೆ ಕೊಟ್ರೆ, ಅಥವಾ ತಗೊಂಡೋರಿಗೆ ವಿಷಯ ಗೊತ್ತಿದ್ರೆ, ಆ ಹಕ್ಕು ಆಸ್ತಿ ಹಿಂದೆಯೇ ಹೋಗುತ್ತೆ. ಅಣ್ಣನಿಗೆ ಗೊತ್ತಿರಲಿಲ್ಲ ಅಂತ ಯಾರು ನಂಬ್ತಾರೆ? ಆಮೇಲೆ ಆಗೋದು ಏನು ಗೊತ್ತಾ, ಅಣ್ಣನೂ ಕೇಸಲ್ಲಿ ಪಾರ್ಟಿ ಆಗ್ತಾನೆ, ಅತ್ತಿಗೆ ಮಾತು ಬಿಡ್ತಾಳೆ, ಮತ್ತೆ ವಾಪಸ್ ಬರೆದುಕೊಡು ಅಂದ್ರೆ ಅಣ್ಣ ಬರೆದುಕೊಡಲ್ಲ. ಹೆಂಡ್ತಿಗೆ ಹೋಗ್ಬಾರದು ಅಂತ ಮಾಡಿದ್ದು ಕೊನೆಗೆ ಮಗುವಿಗೂ ಇಲ್ಲ, ಅವನಿಗೂ ಇಲ್ಲ, ಇಂಥವು ಎರಡು ಮೂರು ನೋಡಿದೀನಿ, ಆ ಮನುಷ್ಯರು ಈಗ ಸ್ವಂತ ತೋಟದ ಪಕ್ಕದಲ್ಲೇ ಬಾಡಿಗೆ ಮನೇಲಿದಾರೆ.

ಈಗ ವಸೂಲಿ ಹೇಗೆ ಮಾಡ್ತಾರೆ ಅನ್ನೋದು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅರ್ಧಂಬರ್ಧ ಗೊತ್ತಿರೋದೇ ಅಪಾಯ. ಬಾಕಿ ಉಳಿದ್ರೆ ಆ ಕಡೆಯವರು ಜಾರಿ ಅರ್ಜಿ ಹಾಕ್ತಾರೆ. ಮೊದಲು ಎಫ್‌ಎಲ್‌ಡಬ್ಲ್ಯು ಹೋಗುತ್ತೆ, ಫೈನ್ ಲೆವಿ ವಾರಂಟ್ ಅಂತ. ಕೋರ್ಟಿನ ದಂಡ ವಸೂಲಿ ಮಾಡೋ ರೀತಿಯಲ್ಲೇ ಜೀವನಾಂಶನೂ ವಸೂಲಿ ಮಾಡೋಕೆ ಕಾನೂನು ಅಧಿಕಾರ ಕೊಟ್ಟಿದೆ. ಮನೆಯ ಚರ ವಸ್ತು ಜಪ್ತಿ ಮಾಡಬಹುದು, ಇಲ್ಲಾ ಜಿಲ್ಲಾಧಿಕಾರಿಗೆ ಬರೆದು ಭೂಕಂದಾಯದ ಬಾಕಿ ಥರ ವಸೂಲಿ ಮಾಡ್ಸಬಹುದು. ಅಲ್ಲಿಗೆ ತಹಶೀಲ್ದಾರ್ ಆಫೀಸಿಗೆ ಹೋಯ್ತು ವಿಷಯ, ಪಹಣಿಯ 11ನೇ ಕಾಲಂನಲ್ಲಿ ಋಣ ಅಂತ ಕೂತ್ಕೊಂಡ್ರೆ ಸೊಸೈಟಿ ಸಾಲನೂ ಸಿಗಲ್ಲ.

ಸಂಬಳ ಇರೋರಿಗೆ ಸಂಬಳನೇ ಅಟ್ಯಾಚ್, ಅಂದ್ರೆ ಜಪ್ತಿ. ಮಾಮೂಲಿ ಸಾಲದ ಡಿಕ್ರಿಯಲ್ಲಿ, ಅಂದ್ರೆ ಸಿವಿಲ್ ಕೋರ್ಟ್ ತೀರ್ಪಲ್ಲಿ, ಸಂಬಳದ ದೊಡ್ಡ ಪಾಲು ಮುಟ್ಟೋ ಹಾಗಿಲ್ಲ. ಆದ್ರೆ ಜೀವನಾಂಶದ ಡಿಕ್ರಿ ಅಂದ್ರೆ ಸಿವಿಲ್ ಪ್ರೊಸೀಜರ್ ಕೋಡ್ 60ನೇ ಸೆಕ್ಷನ್ ನಿಮಗೆ ಉಳಿಸೋದು ಮೂರರಲ್ಲಿ ಒಂದು ಪಾಲು ಮಾತ್ರ, ಮಿಕ್ಕ ಎರಡು ಪಾಲಿನವರೆಗೂ ಹಿಡೀಬಹುದು. ಡೊಮೆಸ್ಟಿಕ್ ವಯಲೆನ್ಸ್ ಕಾಯ್ದೆಯಲ್ಲಿ ಹೋದ್ರೆ, ಅದು 2005ರದ್ದು, ಕಂಪನಿಯವರು ಅಥವಾ ಆಫೀಸಿನವರು ನೇರವಾಗಿ ಆ ಕಡೆಗೆ ಕಟ್ಬೇಕು ಅಂತಲೇ ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡಬಹುದು. ಎಚ್‌ಆರ್ ಟೇಬಲ್ ಮೇಲೆ ಆ ಆರ್ಡರ್ ಬಂದು ಬಿದ್ದಾಗ ಆಗೋ ಅವಮಾನ ಆಗಿದ್ದೋರಿಗೇ ಗೊತ್ತು.

ಅದಕ್ಕೂ ಬಗ್ಗದಿದ್ರೆ ಅರೆಸ್ಟ್ ವಾರಂಟ್, ನಾವು ಎನ್‌ಬಿಡಬ್ಲ್ಯು ಅಂತೀವಿ. ನ್ಯಾಯವಾದ ಕಾರಣ ಇಲ್ಲದೆ ಕೊಟ್ಟಿಲ್ಲ ಅಂತ ಕಂಡ್ರೆ ಒಂದು ತಿಂಗಳವರೆಗೆ, ಅಥವಾ ದುಡ್ಡು ಕಟ್ಟೋವರೆಗೆ ಜೈಲು. ಹಲವು ತಿಂಗಳ ಬಾಕಿ ಒಟ್ಟಿಗೆ ಇದ್ರೆ ಎಷ್ಟು ದಿನ ಅನ್ನೋದ್ರಲ್ಲಿ ಕೋರ್ಟುಗಳ ತೀರ್ಪು ಬೇರೆ ಬೇರೆ ಇದೆ, ಅದಕ್ಕೇ 'ಒಂದೇ ತಿಂಗಳು ತಾನೆ' ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬ್ಬೇಡಿ. ಸರ್ಕಾರಿ ನೌಕರರಿಗೆ ಇನ್ನೊಂದು ಪೆಟ್ಟು, 48 ಗಂಟೆ ಮೀರಿ ಕಸ್ಟಡಿಯಲ್ಲಿದ್ರೆ ಸಸ್ಪೆಂಡ್ ಆದ ಹಾಗೇ ಅಂತ ಸರ್ವಿಸ್ ರೂಲ್ಸ್ ಹೇಳುತ್ತೆ.

ಹರಿಹರದ ಕಡೆಯ ಒಬ್ಬರು, ಟೆಂಪೋ ಓಡಿಸೋರು, ನನ್ನ ಮುಂದೆ ಕೂತು ಹೇಳಿದ್ರು, 'ಹೋಗ್ಬರ್ತೀನಿ ಬಿಡಿ ಮೇಡಂ ಒಳಗೆ, ಲೆಕ್ಕ ಚುಕ್ತಾ ಆಗುತ್ತಲ್ಲ'. ತುಂಬಾ ಜನ ಹೀಗೇ ಅಂದ್ಕೊಂಡಿದೀರಿ, ಅದಕ್ಕೇ ಒತ್ತಿ ಹೇಳ್ತಿದೀನಿ, ಚುಕ್ತಾ ಆಗಲ್ಲ. 1988ರಲ್ಲಿ ಕುಲ್ದೀಪ್ ಕೌರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿರೋದು ಇದನ್ನೇ, ಜೈಲು ಅನ್ನೋದು ದುಡ್ಡು ಕಕ್ಕಿಸೋಕೆ ಇರೋ ದಾರಿ, ದುಡ್ಡಿನ ಬದಲಿ ಅಲ್ಲ, ಬಾಕಿ ತೀರೋದು ಬಾಕಿ ಕಟ್ಟಿದಾಗ ಮಾತ್ರ. ಆ ಟೆಂಪೋದವರು ಹೋಗ್ಬಂದ್ರು. ಬರೋ ಹೊತ್ತಿಗೆ ಟೆಂಪೋ ಇಎಂಐ ತಪ್ಪಿತ್ತು, ರೆಗ್ಯುಲರ್ ಬಾಡಿಗೆ ಕೊಡ್ತಿದ್ದ ಅಂಗಡಿಯವರು ಬೇರೆ ಗಾಡಿ ಹಿಡಿದಿದ್ರು, ಬಾಕಿ ಒಂದು ರೂಪಾಯಿನೂ ಕಡಿಮೆ ಆಗಿರ್ಲಿಲ್ಲ, ಒಂದು ತಿಂಗಳು ಜಾಸ್ತಿ ಸೇರಿತ್ತು.

ಒಂದು ವರ್ಷದ ಮಾತು ಕೇಳಿರ್ತೀರಿ, ಬಾಕಿ ಆಗಿ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕದಿದ್ರೆ ಆ ದುಡ್ಡು ಹೋಯ್ತು ಅಂತ. ವಾರಂಟ್ ದಾರಿಗೆ ಒಂದು ವರ್ಷದ ಮಿತಿ ಇರೋದು ನಿಜ. ಆದ್ರೆ 2013ರಲ್ಲಿ ಪೂಂಗೋಡಿ ಕೇಸಲ್ಲಿ ಸುಪ್ರೀಂ ಕೋರ್ಟ್ ಅದರಿಂದ ಹಕ್ಕೇ ಸಾಯಲ್ಲ, ಬೇರೆ ದಾರಿಯಲ್ಲಿ ವಸೂಲಿ ಮಾಡಬಹುದು ಅಂತು. ಒಂದು ಸಲ ಟೈಮಿಗೆ ಸರಿಯಾಗಿ ಅರ್ಜಿ ಹಾಕಿದ್ರೆ ಆಮೇಲಿನ ತಿಂಗಳುಗಳನ್ನ ಅದಕ್ಕೇ ಸೇರಿಸ್ತಾ ಹೋಗಬಹುದು. ವರ್ಷ ಕಳೆದ್ರೆ ಬಚಾವ್ ಅನ್ನೋ ಲೆಕ್ಕ ಬಿಡಿ.

ಊರು ಬಿಟ್ಟು ಹೋದ್ರೆ? ಬೆಂಗಳೂರಲ್ಲಿ ಆದ ಆರ್ಡರ್ನ ನೀವು ಪುಣೆಯಲ್ಲಿದ್ರೆ ಪುಣೆ ಕೋರ್ಟು ಜಾರಿ ಮಾಡುತ್ತೆ, ದೇಶದ ಯಾವ ಮೂಲೆಯಲ್ಲಾದ್ರೂ. ದೇಶನೇ ಬಿಟ್ರೆ ಪಾಸ್‌ಪೋರ್ಟ್ ಇದೆಯಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಕೋರ್ಟ್ ವಾರಂಟ್ ಬಾಕಿ ಇದ್ರೆ ಹೊಸ ಪಾಸ್‌ಪೋರ್ಟ್ ನಿರಾಕರಿಸಬಹುದು, ಇರೋದನ್ನ ಮುಟ್ಟುಗೋಲು ಹಾಕಬಹುದು. ರಿನ್ಯೂವಲ್ ದಿನ ಒಂದಲ್ಲ ಒಂದು ಸಲ ಬರಲೇಬೇಕು.

ಅಮೆರಿಕದಲ್ಲಿರೋ ನಮ್ಮ ಹುಡುಗರು ಫೋನ್ ಮಾಡ್ತಾರೆ, ಅದಕ್ಕೆ ಎರಡು ಮಾತು. ಅಲ್ಲಿ ಡಿವೋರ್ಸ್ ಆಗಿ ಅಲ್ಲಿನ ಕೋರ್ಟ್ ಚೈಲ್ಡ್ ಸಪೋರ್ಟ್ ಹಾಕಿದ್ರೆ ಅದು ಇಲ್ಲಿಗಿಂತ ಬಿಗಿ. ಸಂಬಳ ನಿಮ್ಮ ಕೈಗೆ ಬರೋ ಮುಂಚೆಯೇ ಕಟ್ ಆಗುತ್ತೆ, ಟ್ಯಾಕ್ಸ್ ರೀಫಂಡ್ ಹಿಡೀತಾರೆ, ಡ್ರೈವಿಂಗ್ ಲೈಸೆನ್ಸ್ ಸಸ್ಪೆಂಡ್ ಮಾಡಬಹುದು, ಬಾಕಿ 2,500 ಡಾಲರ್ ದಾಟಿದ್ರೆ ಅಮೆರಿಕದ ಪಾಸ್‌ಪೋರ್ಟ್ ಕೊಡಲ್ಲ. ಗ್ರೀನ್ ಕಾರ್ಡ್ ಇಟ್ಕೊಂಡು ಸಿಟಿಜನ್‌ಶಿಪ್ ಕಾಯ್ತಿರೋರು ಬೇಕಂತಲೇ ಮಕ್ಕಳಿಗೆ ಕೊಟ್ಟಿಲ್ಲ ಅಂದ್ರೆ ಸನ್ನಡತೆ ಇಲ್ಲ ಅಂತ ಅರ್ಜಿ ಬೀಳಬಹುದು. ಇನ್ನೊಂದು ಮುಖ್ಯ, ಅಲ್ಲಿ ಒಮ್ಮೆ ಬಾಕಿ ಆದದ್ದನ್ನ ಆಮೇಲೆ ಕೋರ್ಟೂ ಹಿಂದಿನಿಂದ ಕಡಿಮೆ ಮಾಡೋಕೆ ಆಗಲ್ಲ, 1986ರಿಂದ ಹಾಗೆ ಕಾನೂನಿದೆ. ಲೇಆಫ್ ಆದ ವಾರವೇ ಅರ್ಜಿ ಹಾಕಿ, ಹೊಸ ಕೆಲಸ ಸಿಕ್ಮೇಲೆ ನೋಡೋಣ ಅಂತ ಕೂರ್ಬೇಡಿ.

ಈಗ ತಂದೆಯರು ನನಗೆ ಅತಿ ಹೆಚ್ಚು ಹೇಳೋ ಮಾತಿಗೆ ಬರ್ತೀನಿ. 'ಮಗು ಮುಖ ತೋರ್ಸಲ್ಲ, ನಾನ್ಯಾಕೆ ದುಡ್ಡು ಕೊಡ್ಲಿ?' ಆ ನೋವು ಸುಳ್ಳಲ್ಲ. ಭಾನುವಾರ ಹೊಸ ಬಟ್ಟೆ, ಚಾಕ್ಲೇಟ್ ಹಿಡ್ಕೊಂಡು ಹೋಗಿ ಗೇಟಿಂದಲೇ ವಾಪಸ್ ಬಂದ ತಂದೆಯರನ್ನ ನಾನು ನೋಡಿದೀನಿ, ನನ್ನ ಆಫೀಸಲ್ಲಿ ಆ ಚಾಕ್ಲೇಟ್ ಡಬ್ಬಿ ಇಟ್ಟು ಅತ್ತಿದಾರೆ. ತೋರ್ಸದೆ ಇರೋದು ತಪ್ಪು, ಅಲ್ಲಿ ಕೂತಿರೋ ತಾಯಂದಿರಿಗೂ ಹೇಳ್ತಿದೀನಿ, ದುಡ್ಡು ಬಂದಿಲ್ಲ ಅಂತ ಮಗುನ ಅಪ್ಪನಿಂದ ಮುಚ್ಚಿಡೋಕೆ ನಿಮಗೂ ಹಕ್ಕಿಲ್ಲ. ಆದ್ರೆ ಎರಡೂ ಬೇರೆ ಬೇರೆ. ಭೇಟಿಗೆ ಬೇರೆ ಅರ್ಜಿ ಇದೆ, ವಿಸಿಟೇಷನ್ ಆರ್ಡರ್ ಮೀರಿದ್ರೆ ಅದಕ್ಕೆ ಬೇರೆ ದಾರಿ ಇದೆ. ನೀವು ದುಡ್ಡು ನಿಲ್ಲಿಸಿ ವಿಸಿಟೇಷನ್ ಕೇಳೋಕೆ ಹೋದ್ರೆ ಎದುರು ವಕೀಲರ ಮೊದಲ ಪ್ರಶ್ನೆ ಏನಿರುತ್ತೆ ಹೇಳಿ, 'ಮಗುವಿನ ಮೇಲೆ ಇಷ್ಟು ಪ್ರೀತಿ ಇರೋರು ಹೋದ ವರ್ಷ ಸ್ಕೂಲ್ ಫೀಸಿಗೆ ಎಷ್ಟು ಕೊಟ್ರಿ?' ಆ ಪ್ರಶ್ನೆಗೆ ಬಾಯಿ ಕಟ್ಟಿದ್ರೆ ಅರ್ಧ ಕೇಸ್ ಅಲ್ಲೇ ಹೋಯ್ತು. ಗುರುವಾರ ದುಡ್ಡು ಹಾಕಿದ ರಸೀತಿ ಕೈಯಲ್ಲಿದ್ರೆ ಭಾನುವಾರದ ಭೇಟಿನ ಗಟ್ಟಿಯಾಗಿ ಕೇಳಬಹುದು.

ಸ್ಟಾಂಪ್ ಪೇಪರ್ ಒಪ್ಪಂದಗಳ ಬಗ್ಗೆಯೂ ಹೇಳ್ಬೇಕು. ಊರ ಹಿರಿಯರು ಕೂತು, 'ಮಗು ತಾಯಿ ಹತ್ರ ಇರ್ಲಿ, ಅವಳು ಮುಂದೆ ಏನೂ ಕೇಳಲ್ಲ' ಅಂತ ಬರೆಸಿ ಸೈನ್ ಹಾಕಿಸಿರ್ತಾರೆ. ಬೈಕಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಆ ಪೇಪರ್ ಇಟ್ಕೊಂಡು ಐದು ವರ್ಷ ನೆಮ್ಮದಿಯಾಗಿ ಓಡಾಡಿದ ಒಬ್ಬರು, ಮಗಳ ಹೆಸರಲ್ಲಿ ಕೇಸ್ ಬಿದ್ದಾಗ ಅದನ್ನ ಕೋರ್ಟಿಗೆ ತಂದ್ರು. ತಾಯಿ ತನ್ನ ಹಕ್ಕಿನ ಬಗ್ಗೆ ಏನಾದ್ರೂ ಬರೆದುಕೊಡಲಿ, ಮಗುವಿನ ಹಕ್ಕನ್ನ ಬರೆದುಕೊಡೋಕೆ ಅದು ಅವಳದ್ದಲ್ಲ. ಆ ಪೇಪರ್ ಕೆಲಸಕ್ಕೆ ಬರ್ಲಿಲ್ಲ.

ತಾಯಿಗೂ ಸಂಬಳ ಇದ್ರೆ? ಇಬ್ಬರೂ ಹೊರಬೇಕು, ಅವರವರ ಆದಾಯಕ್ಕೆ ತಕ್ಕ ಹಾಗೆ. 2000ದಲ್ಲಿ ಪದ್ಮಜಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ಎರಡಕ್ಕೊಂದು ಅನುಪಾತದಲ್ಲಿ ಹಂಚಿತ್ತು, ತಂದೆಗೆ ಎರಡು, ತಾಯಿಗೆ ಒಂದು. ಹಾಗಾಗಿ 'ಅವಳು ನನಗಿಂತ ಜಾಸ್ತಿ ದುಡೀತಾಳೆ' ಅನ್ನೋದು ಒಳ್ಳೇ ವಾದವೇ, ಆದ್ರೆ ಅದನ್ನ ಜಡ್ಜ್ ಮುಂದೆ ದಾಖಲೆ ಇಟ್ಟು ಹೇಳ್ಬೇಕು, ದುಡ್ಡು ನಿಲ್ಲಿಸಿ ಹೇಳೋದಲ್ಲ. ಎರಡು ಕಡೆ ಎರಡು ಆರ್ಡರ್ ಆಗಿದ್ರೆ, ಒಂದು ಡಿವಿ, ಅಂದ್ರೆ ಡೊಮೆಸ್ಟಿಕ್ ವಯಲೆನ್ಸ್ ಕೇಸಲ್ಲಿ ಇನ್ನೊಂದು ಫ್ಯಾಮಿಲಿ ಕೋರ್ಟಲ್ಲಿ, ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ಅಡ್ಜಸ್ಟ್ ಆಗುತ್ತೆ. ಡಬಲ್ ಕಟ್ಬೇಕಾಗುತ್ತೆ ಅನ್ನೋ ಭಯಕ್ಕೆ ಎರಡನ್ನೂ ಬಿಡೋರಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ನಿಜವಾಗ್ಲೂ ಕೊಡೋಕಾಗಲ್ಲ ಅನ್ನೋರಿಗೆ ಈಗ. ಕೆಲಸ ಹೋಯ್ತು, ಆಕ್ಸಿಡೆಂಟ್ ಆಯ್ತು, ಮಳೆ ಇಲ್ಲದೆ ಬೆಳೆ ಹೋಯ್ತು. ಹೊಸ ಸಂಹಿತೆಯ 146ನೇ ಸೆಕ್ಷನ್ ಇರೋದೇ ನಿಮಗೆ, ಹಳೇದರಲ್ಲಿ 127. ಪರಿಸ್ಥಿತಿ ಬದಲಾದ್ರೆ ಮೊತ್ತ ಬದಲಾಯ್ಸಿ ಅಂತ ಅರ್ಜಿ ಹಾಕಬಹುದು. ರಿಲೀವಿಂಗ್ ಲೆಟರ್, ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಬ್ಯಾಂಕ್ ಪಾಸ್‌ಬುಕ್ ಇಟ್ಟು ಹಾಕಿ. ಅದು ತೀರ್ಮಾನ ಆಗೋವರೆಗೆ ಪೂರ್ತಿ ಆಗದಿದ್ರೂ ಆದಷ್ಟು ಕಟ್ತಾ ಇರಿ, ಎರಡು ಸಾವಿರ ಆದ್ರೆ ಎರಡು ಸಾವಿರ. ಬ್ಯಾಂಕ್ ಮೂಲಕವೇ ಹಾಕಿ, ಕ್ಯಾಶ್ ಬೇಡ, ಮಾವನ ಕೈಲಿ ಕೊಟ್ಟೆ ಅನ್ನೋದು ಬೇಡ. ರಿಮಾರ್ಕ್ಸ್ ಜಾಗದಲ್ಲಿ ಮಗುವಿನ ಹೆಸರು, ತಿಂಗಳು ಬರೀರಿ. ಆ ಕಡೆಯವರು ಅಕೌಂಟ್ ನಂಬರ್ ಕೊಡ್ತಿಲ್ಲ ಅಂದ್ರೆ ಕೋರ್ಟಲ್ಲಿ ಡಿಪಾಸಿಟ್ ಮಾಡಿ ರಸೀತಿ ಇಟ್ಕೊಳ್ಳಿ. ಸ್ಕೂಲ್ ಫೀಸ್ ನಾನೇ ನೇರ ಕಟ್ತೀನಿ, ಜೀವನಾಂಶದಲ್ಲಿ ಕಳೀತೀನಿ ಅನ್ನೋದಾದ್ರೆ ಅದನ್ನ ಆರ್ಡರಲ್ಲಿ ಬರೆಸ್ಕೊಳ್ಳಿ, ಇಲ್ಲಾಂದ್ರೆ ಅದು ಉಡುಗೊರೆ ಅಂತ ಲೆಕ್ಕ ಆಗೋ ಅಪಾಯ ಇದೆ.

ದುಡ್ಡು ಬರಬೇಕಾದ ಕಡೆಯವರಿಗೆ ಒಂದೇ ಮಾತು. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವಿನ ಹಕ್ಕಿದೆ, 1987ರ ಕಾಯ್ದೆ. ಪ್ರತಿ ತಾಲ್ಲೂಕು ಕೋರ್ಟಲ್ಲೂ ಕಾನೂನು ಸೇವಾ ಸಮಿತಿ ಇದೆ, ಬೆಂಗಳೂರಲ್ಲಾದ್ರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಫ್ಯಾಮಿಲಿ ಕೋರ್ಟೂ ಇದೆ, ರಾಜ್ಯ ಕಾನೂನು ಸೇವಾ ಪ್ರಾಧಿಕಾರವೂ ಇದೆ. 15100ಕ್ಕೆ ಫೋನ್ ಮಾಡಿ. ಮತ್ತೆ ಆ ನೋಟ್‌ಬುಕ್ ಥರ ಲೆಕ್ಕ ಇಡಿ. ಆದ್ರೆ ಒಂದು ವಿನಂತಿ, ಮಗುವಿನ ಕೈಲಿ ಬರೆಸ್ಬೇಡಿ. ಆ ತಾಯಿ ಬೇಕಂತ ಮಾಡಿಸಿದ್ದಲ್ಲ, ಸುಸ್ತಾಗಿ ಬಂದು ಮಲಗಿದಾಗ ಆ ಹುಡುಗಿ ತಾನೇ ತೆಗೆದು ಬರೆದಿದ್ಲು, ಆದ್ರೂ ಹತ್ತು ವರ್ಷದ ಮಗು ಅಪ್ಪನ ಹೆಸರಿನ ಮುಂದೆ ತಿಂಗಳು ತಿಂಗಳು ಅಡ್ಡಗೆರೆ ಎಳೀಬಾರದು.

'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು' ಅಂತ ಗಾದೆ ಎಲ್ಲರ ಬಾಯಲ್ಲೂ ಇದೆ. ನಾನು ಅದನ್ನ ಕಣ್ಣಾರೆ ನೋಡ್ತೀನಿ, ವಾಯಿದೆಯಿಂದ ವಾಯಿದೆಗೆ. ಇಂಗ್ಲಿಷ್ ಮೀಡಿಯಂನಿಂದ ಮಧ್ಯದಲ್ಲಿ ಬಿಡಿಸಿದ ಹುಡುಗ, ಕನ್ನಡಕದ ನಂಬರ್ ಬದಲಾಗಿ ಒಂದು ವರ್ಷ ಆದ್ರೂ ಹಳೇ ಕನ್ನಡಕ ಹಾಕ್ಕೊಂಡು ಕಾರಿಡಾರಲ್ಲಿ ಕಣ್ಣು ಕಿರಿದು ಮಾಡಿ ಬೋರ್ಡ್ ಓದೋ ಹುಡುಗಿ. ಆ ಮಕ್ಕಳು ದೊಡ್ಡವರಾಗ್ತಾರೆ, ಕೇಸ್ ಫೈಲ್ ತೆಗೆದು ಓದೋ ವಯಸ್ಸಿಗೆ ಬರ್ತಾರೆ. ಕೆಲವರು ನನ್ನ ಹತ್ರ ಬಂದು ಕೇಳಿದಾರೆ, 'ಆಂಟಿ, ಅಪ್ಪ ನಿಜವಾಗ್ಲೂ ಕೊಡ್ಲಿಲ್ವಾ, ಅಥವಾ ಅಮ್ಮ ಸುಳ್ಳು ಹೇಳಿದ್ರಾ?' ಅಂತ. ಫೈಲಲ್ಲಿ ಇರೋದನ್ನ ನಾನು ಹೇಳ್ಬೇಕಾಗುತ್ತೆ.

ಕೊನೆಗೆ ಹಿಂದಿನ ಸಾಲಿಂದ ಒಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇದು, ಅದನ್ನ ಇಲ್ಲಿ ಹಾಕ್ತಿದೀನಿ ಯಾಕಂದ್ರೆ ಅದೇ ಪ್ರಶ್ನೆ ಇನ್ನೂ ಹತ್ತು ಜನಕ್ಕೆ ಇತ್ತು ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. 'ಎರಡು ವರ್ಷದಿಂದ ಕೊಟ್ಟಿಲ್ಲ, ವಾರಂಟ್ ಇದೆ ಅಂತಾರೆ. ಈಗ ಕೋರ್ಟಿಗೆ ಹೋದ್ರೆ ಅಲ್ಲೇ ಹಿಡೀತಾರಾ?'

ಪೊಲೀಸ್ ಹಿಡ್ಕೊಂಡು ಬಂದ್ರೆ ಒಂದು ಥರ, ನೀವಾಗೇ ಬಂದ್ರೆ ಇನ್ನೊಂದು ಥರ. ವಕೀಲರ ಜೊತೆ ನೀವಾಗೇ ಹಾಜರಾಗಿ ವಾರಂಟ್ ರೀಕಾಲ್ ಮಾಡಿ, ಅಂದ್ರೆ ವಾಪಸ್ ತಗೊಳ್ಳಿ ಅಂತ ಅರ್ಜಿ ಕೊಡಿ. ಬರಿಗೈಲಿ ಹೋಗ್ಬೇಡಿ, ಬಾಕಿಯಲ್ಲಿ ಒಂದು ಭಾಗ ಆದ್ರೂ ಅವತ್ತೇ ಕಟ್ಟೋಕೆ ರೆಡಿ ಇರಿ, ಮಿಕ್ಕಿದ್ದಕ್ಕೆ ಕಂತು ಕೇಳಿ, ಎಷ್ಟು ತಿಂಗಳಲ್ಲಿ ಎಷ್ಟು ಅಂತ ನೀವೇ ಲೆಕ್ಕ ಬರೆದು ತಗೊಂಡು ಹೋಗಿ. ಹೀಗೆ ಬಂದೋರಿಗೆ ಕಂತು ಕೊಟ್ಟ ಜಡ್ಜ್‌ಗಳನ್ನ ನಾನು ತುಂಬಾ ನೋಡಿದೀನಿ. ಕಂತು ತಪ್ಪಿಸಿದ್ರೆ ಎರಡನೇ ಸಲ ಆ ಮಾತು ನಡೆಯಲ್ಲ, ಅದಕ್ಕೇ ಕೈಲಾಗೋಷ್ಟೇ ಒಪ್ಕೊಳ್ಳಿ.

ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೋರ್ಟ್ ಗೇಟ್ ಹತ್ರ ಬನ್ನಿ, ಆರ್ಡರ್ ಕಾಪಿ, ಪಾಸ್‌ಬುಕ್, ಆಧಾರ್ ಕಾರ್ಡ್ ತನ್ನಿ, ನಿಮ್ಮ ಜೊತೆ ನಾನೇ ಒಳಗೆ ಬರ್ತೀನಿ.